ಕಯೋಟಿ ಹೆದರಿದ್ದು ನನಗೊಬ್ಬಳಿಗೇ!

"ಅಮ್ಮಾ, ಮಿಸ್ ಒಡೆಟ್ ಕಯೋಟಿಗೆ ಗುಡ್ ಮಾರ್ನಿಂಗ್ ಹೇಳ್ತಾರೆ. ನೀನ್ಯಾಕೆ ಕಿರುಚ್ತೀಯ? ಅವರಿಗೆ ಕಿರುಚೋಕೆ ಬರಲ್ವಾ?"

ನನ್ನ ನಾಲ್ಕು ವರ್ಷದ ಮಗಳು ಪಲೋಮಾ ಬಾಯಲ್ಲಿ ಅರ್ಧ ಟೋರ್ಟಿಯಾ ರೊಟ್ಟಿ ಇಟ್ಟುಕೊಂಡು ಈ ಪ್ರಶ್ನೆ ಎಸೆದಾಗ, ನಾನು ಗುಲಾಬಿ ಬಣ್ಣದ ಬಾತ್‌ರೋಬ್ ತೊಟ್ಟು, ಮೊಳೆ ತುಂಬಿದ ಕಾಫಿ ಡಬ್ಬ ಹಿಡಿದು, ಆಗತಾನೇ ಯುದ್ಧ ಗೆದ್ದು ಅಡುಗೆಮನೆಗೆ ಮರಳಿದ್ದೆ. ಗೆದ್ದು ಬಂದ ಸೇನಾಪತಿಗೆ ಇಂಥ ಸ್ವಾಗತ! "ಮೊದಲು ಹಾಲು ಕುಡಿ" ಎಂದೆ. ಉತ್ತರ ಗೊತ್ತಿಲ್ಲದ ತಾಯಂದಿರು ಹಾಲಿನ ಮೊರೆ ಹೋಗುವುದು ಲೋಕರೂಢಿ. ಹಾಲು ಇಳಿಯಿತು, ಪ್ರಶ್ನೆ ಇಳಿಯಲಿಲ್ಲ. ಅಂದು ದಿನಚರಿಯಲ್ಲಿ ಅದನ್ನು ಬರೆದು, ಮುಂದೆ "ನಾಳೆ ಉತ್ತರಿಸುವುದು" ಎಂದು ಸೇರಿಸಿದೆ. ಆ ನಾಳೆ ಬರುವಷ್ಟರಲ್ಲಿ ಅಂಜೂರದ ಕಾಲವೇ ಮುಗಿಯುತ್ತ ಬಂದಿತ್ತು. ಆದ್ದರಿಂದ ಮೊದಲಿನಿಂದಲೇ ಹೇಳಿಬಿಡುತ್ತೇನೆ.

ನಮ್ಮ ಬೀದಿ ಲಾಸ್ ಏಂಜಲೀಸ್ ಮಹಾನಗರದ ಅಂಚಿನಲ್ಲಿ, ಬೆಟ್ಟಕ್ಕೆ ಬೆನ್ನು ಕೊಟ್ಟು ಕೂತಿದೆ. ಬೀದಿ ಮುಗಿದಲ್ಲಿ ಒಣಹಳ್ಳ. ಹಳ್ಳದ ಪೊದೆಗಳಲ್ಲಿ ಕಯೋಟಿಗಳು. ನರಿಗಿಂತ ದೊಡ್ಡದು, ತೋಳಕ್ಕಿಂತ ಸಣ್ಣದು, ಬುದ್ಧಿಯಲ್ಲಿ ಎರಡಕ್ಕೂ ಮಿಗಿಲು. ಅವು ಅಲ್ಲಿ, ನಾವು ಇಲ್ಲಿ ಎಂದು ಬಾಯಿಮಾತಿನ ಒಪ್ಪಂದವೂ ಇಲ್ಲದೆ ಬಾಳುತ್ತಿದ್ದೆವು. ನಸುಕಿನಲ್ಲಿ ಒಂದು ಬೂದು ನೆರಳು ರಸ್ತೆ ದಾಟಿದರೆ "ಹೋಯ್ತು ನೋಡು" ಎಂದು ಕಾಫಿ ಹೀರುತ್ತಿದ್ದೆವು, ಅಷ್ಟೇ. ಈ ಬೇಸಿಗೆಯಲ್ಲಿ ಮಾತ್ರ ಕಿವಿ ಹರಿದ ಹೆಣ್ಣು ಕಯೋಟಿಯೊಂದು ಹಾಡುಹಗಲೇ ಬಂದು, ಕಂಡವರ ಹುಲ್ಲುಹಾಸಿನಲ್ಲಿ ಕಾಲು ಚಾಚಿ, ತಾನೂ ಮನೆ ತೆರಿಗೆ ಕಟ್ಟುವವಳೇ ಎಂಬಂತೆ ಬಿಸಿಲು ಕಾಯಿಸತೊಡಗಿತು!

ಎದುರುಮನೆಯ ಡ್ಯಾರಿಲ್ ತನ್ನ ಗ್ಯಾರೇಜಿನಲ್ಲಿ ಬೀದಿಯವರ ಸಭೆ ಕರೆದ. ಹಿಂದೊಮ್ಮೆ ಫುಟ್‌ಬಾಲ್ ಆಡಿದ, ಬಾಗಿಲು ತುಂಬುವಂಥ ಆಳು. ಅವನ ಕಂಕುಳಲ್ಲಿ ಬ್ರೆಡ್ಡಿನ ಗಾತ್ರದ ನಾಯಿ ಡಚೆಸ್.

"ಇವತ್ತು ಹುಲ್ಲಿನ ಮೇಲೆ ಕೂತಿದೆ. ನಾಳೆ ನನ್ನ ಡಚೆಸ್‌ನ ಎತ್ಕೊಂಡು ಹೋಗುತ್ತೆ. ನಾಡಿದ್ದು ಮಕ್ಕಳ ಹತ್ರ ಬರುತ್ತೆ. ಬೋನು ಇಡೋನ್ನ ಕರೆಸೋಣ, ಮುಗೀತು" ಎಂದ.

ನಮ್ಮ ರಾಜ್ಯದ ಕಾನೂನಿನ ಪ್ರಕಾರ ಹಿಡಿದ ಕಯೋಟಿಯನ್ನು ದೂರದ ಕಾಡಿಗೆ ಒಯ್ದು ಬಿಡುವಂತಿಲ್ಲ. ಹಿಡಿದಲ್ಲೇ ಬಿಡಬೇಕು, ಇಲ್ಲವೇ ಕೊಲ್ಲಬೇಕು. ದುಡ್ಡು ಕೊಟ್ಟು ಕರೆಸಿದವರು "ಇಲ್ಲೇ ಬಿಟ್ಟು ಹೋಗಪ್ಪಾ" ಎನ್ನುತ್ತಾರೆಯೇ?

ನಾನು ಸ್ವಲ್ಪ ದಿನದ ಹಿಂದಷ್ಟೇ ಹಳ್ಳದ ದಂಡೆಯಿಂದ ಅದನ್ನು ಮರಿಗಳ ಜೊತೆ ನೋಡಿದ್ದೆ. ಒಂದು ಮರಿ ಬಾಲ ಜಗ್ಗುತ್ತಿತ್ತು, ಇನ್ನೊಂದು ಅದೇ ಹರಿದ ಕಿವಿಯನ್ನು ಮತ್ತಷ್ಟು ಹರಿಯಲು ನೋಡುತ್ತಿತ್ತು. ತಾಯಿ ಕಣ್ಣು ಅರೆಮುಚ್ಚಿ ಎಲ್ಲವನ್ನೂ ಸಹಿಸಿಕೊಂಡು ಕೂತಿತ್ತು. ಆ ಮುಖ ನನಗೆ ಗೊತ್ತು. ದಿನಾ ಸಂಜೆ ಬಚ್ಚಲುಮನೆಯ ಕನ್ನಡಿಯಲ್ಲಿ ನೋಡುತ್ತೇನೆ.

ಎದ್ದು ನಿಂತೆ. "ಬೋನು ಯಾಕೆ? ನನಗೆ ಬಿಡಿ! ಮನುಷ್ಯರನ್ನ ಕಂಡ್ರೆ ಅದು ಬಾಲ ಮುದುರ್ಕೊಂಡು ಹಳ್ಳ ಸೇರಬೇಕು, ಹಾಗೆ ಮಾಡ್ತೀನಿ. ಮುಂದಿನ ಸಭೆಯೊಳಗೆ! ಇದು ಮಾರಿಬೆಲ್ ಮಾತು!"

"ಬೇಕಾದ್ರೆ ನಾನು ಸಾಕ್ಷಿ ಹೇಳ್ತೀನಿ" ಎಂದು ಹಿಂದಿನಿಂದ ನನ್ನ ಗಂಡ ಎಫ್ರೈನ್ ದನಿಗೂಡಿಸಿದ. "ಮದುವೆಯಾದಾಗಿಂದ ನಂದು ಮುದುರ್ಕೊಂಡೇ ಇದೆ."

ನಕ್ಕವರಲ್ಲಿ ಮಿಸ್ ಒಡೆಟ್ ಇರಲಿಲ್ಲ. ಅವರು ಪಕ್ಕದ ಮನೆಯವರು. ಎಪ್ಪತ್ತು ದಾಟಿದವರು, ಒಂಟಿ. ಊರಿನ ಗ್ರಂಥಾಲಯದ ಮಕ್ಕಳ ವಿಭಾಗದಲ್ಲಿ ಜೀವಮಾನವೆಲ್ಲ ತುಟಿಯ ಮೇಲೆ ಬೆರಳಿಟ್ಟು "ಶ್" ಎಂದವರು. ಅವರು ನಿವೃತ್ತರಾದರೂ ಬೆರಳು ನಿವೃತ್ತವಾಗಿಲ್ಲ. ಗಾಳಿಗೆ ಕಿಟಕಿ ಬಡಿದರೆ ಕಿಟಕಿಗೂ ಬೆರಳು ತೋರಿಸುತ್ತಾರೆ. ಸಭೆಯಲ್ಲಿ ಅವರು ಆಡಿದ್ದು ಒಂದೇ ಮಾತು, ಅದೂ ನನ್ನ ಕಿವಿಯಲ್ಲಿ: "ಅಷ್ಟು ಗಟ್ಟಿಯಾಗಿ ಹೇಳ್ಬೇಕಿತ್ತಾ, ಮಗಳೇ?"

ಮರುದಿನದಿಂದಲೇ ದಂಡಯಾತ್ರೆ ಆರಂಭ! ಕಯೋಟಿಯನ್ನು ಓಡಿಸುವ ಶಾಸ್ತ್ರ ನಮ್ಮ ಕಡೆ ಮಕ್ಕಳಿಗೂ ಬಾಯಿಪಾಠ: ಬೆನ್ನು ತೋರಿಸಿ ಓಡಬಾರದು, ಕೈಯೆತ್ತಿ ದೊಡ್ಡದಾಗಿ ಕಾಣಬೇಕು, ಕಿರುಚಬೇಕು, ಡಬ್ಬ ಕುಲುಕಬೇಕು, ಅದು ಕಣ್ಮರೆಯಾಗುವವರೆಗೆ ಬಿಡಬಾರದು. ನಾನು ಏಳುತ್ತಲೇ ಅತ್ತೆ ಕ್ರಿಸ್‌ಮಸ್‌ಗೆ ಕೊಟ್ಟ ಆ ಗುಲಾಬಿ ರೋಬನ್ನು ರಣಕವಚದಂತೆ ಬಿಗಿದು ಅಂಗಳಕ್ಕೆ ಧುಮುಕುತ್ತಿದ್ದೆ. "ನಡಿಯಾಚೆ! ನಾಚಿಕೆ ಆಗಲ್ವಾ? ಮನೇಲಿ ಮಕ್ಕಳಿಲ್ವಾ?" ಬೈಗುಳ ಖಾಲಿಯಾದಾಗ ಅತ್ತೆಗೆ ಹೇಳಬೇಕೆಂದು ಗಂಟಲಲ್ಲಿ ಉಳಿಸಿಕೊಂಡಿದ್ದನ್ನೂ ಸೇರಿಸುತ್ತಿದ್ದೆ. ಕಯೋಟಿ ಮೊದಲು ನಿಂತು ನೋಡಿತು. ಆಮೇಲೆ ನಡೆಯಿತು. ಕೆಲವೇ ದಿನಗಳಲ್ಲಿ, ನನ್ನ ಬಾಗಿಲ ಚಿಲಕ ಸದ್ದಾದರೆ ಸಾಕು, ಬಾಣದಂತೆ ಹಳ್ಳಕ್ಕೆ!

ನಾನು ಬೀಗಿದೆ. ಅಂಚೆಯವಳಿಗೂ ವರದಿ ಒಪ್ಪಿಸಿದೆ. ದಿನಚರಿಯಲ್ಲಿ "ಜಯ" ಎಂದು ಬರೆದು ಕೆಳಗೆ ಗೆರೆ ಎಳೆದೆ.

ಗೆರೆಯ ಶಾಯಿ ಒಣಗುವ ಮುನ್ನ ಡ್ಯಾರಿಲ್ ತನ್ನ ಫೋನು ಹಿಡಿದು ಬಂದ. ಅವನ ಬಾಗಿಲಿನ ಕ್ಯಾಮೆರಾದ ಚಿತ್ರ. ಪಲೋಮಾಳನ್ನು ಶಾಲೆಗೆ ಬಿಡಲು ನನ್ನ ಕಾರು ತಿರುವು ದಾಟುತ್ತದೆ. ತಕ್ಷಣ ಪೊದೆಯಿಂದ ಹರಿದ ಕಿವಿ ಹೊರಬರುತ್ತದೆ. ಡ್ಯಾರಿಲ್‌ನ ಅಂಗಳ ದಾಟುತ್ತದೆ, ಅಂಚೆಯವಳ ಪಕ್ಕದಲ್ಲೇ ಹಾಯುತ್ತದೆ, ಮಿಸ್ ಒಡೆಟ್‌ರ ಅಂಜೂರದ ಮರದ ಕೆಳಗೆ ಹೋಗಿ ಕೂರುತ್ತದೆ. ಮಿಸ್ ಒಡೆಟ್ ಮೆಟ್ಟಿಲ ಮೇಲೆ ಪತ್ರಿಕೆ ಓದುತ್ತಿದ್ದಾರೆ. ನನ್ನ ಕಾರು ತಿರುವಿನಲ್ಲಿ ಮತ್ತೆ ಕಾಣುತ್ತದೆ. ಕಯೋಟಿ ಮಾಯ!

"ಇದು ಮನುಷ್ಯರಿಗೆ ಹೆದರೋದು ಕಲೀಲಿಲ್ಲ ಮಾರಿಬೆಲ್" ಎಂದ ಡ್ಯಾರಿಲ್. "ನಿನಗೆ ಹೆದರೋದು ಕಲೀತು."

"ಬರೀ ಹೆದರೋದಲ್ಲ" ಎಂದ ನನ್ನ ಗಂಡ. "ನಿನ್ನ ವೇಳಾಪಟ್ಟಿ ಬಾಯಿಪಾಠ ಮಾಡಿದೆ. ನನಗೇ ಇನ್ನೂ ಬರಲ್ಲ ಅದು."

ಅಲ್ಲಿಂದ ಶುರುವಾಯಿತು ನನ್ನ ಗ್ರಹಚಾರ. ಇಡೀ ಬೀದಿಗೆ ನಾನೇ ಸೈರನ್ನು! "ಮಾರಿಬೆಲ್, ಕಸದ ಡಬ್ಬಿ ಹೊರಗಿಡಬೇಕು, ಒಂಚೂರು ಬಂದು ನಿಲ್ತೀಯಾ?" "ಮಾರಿಬೆಲ್, ಡಚೆಸ್‌ಗೆ ಒಂದಕ್ಕೆ ಬಂದಿದೆ, ಬೇಗ ಬಾ!" ತಲೆಗೆ ಶಾಂಪೂ ಹಚ್ಚಿಕೊಂಡಿದ್ದರೂ ಓಡಬೇಕು. ಒಲೆಯ ಮೇಲೆ ಕಾಳು ಸೀದು ಕಲ್ಲಿದ್ದಲಾದರೂ ಓಡಬೇಕು. ಕೊನೆಗೆ ಎಫ್ರೈನ್ ಒಂದು ಮಹಾಸಂಶೋಧನೆ ಮಾಡಿದ. ಮೈಮೇಲೆ ಹಾಕಲು ಏನೂ ಸಿಗದೆ ನನ್ನ ರೋಬ್ ಸುತ್ತಿಕೊಂಡು ಪತ್ರಿಕೆ ತರಲು ಹೋದಾಗ ಕಯೋಟಿ ಅವನನ್ನೂ ಕಂಡು ಓಡಿತು!

"ಹೆದರಿಕೆ ನಿನ್ನಲ್ಲಿಲ್ಲ, ಬಟ್ಟೇಲಿದೆ!" ಎಂದು ಕುಣಿದ.

ಸುದ್ದಿ ಹಬ್ಬಿತು. ರೋಬ್ ಮನೆಯಿಂದ ಮನೆಗೆ ಸಂಚಾರ ಹೊರಟಿತು. ಮೊದಲ ಸರದಿ ಡ್ಯಾರಿಲ್‌ನದು. ಆ ದೇಹಕ್ಕೆ ಆ ರೋಬ್! ತೋಳು ಮೊಣಕೈಗೆ ನಿಂತಿತು, ಬೆಲ್ಟು ಹೊಟ್ಟೆಯ ಸುತ್ತಳತೆಗೆ ಶರಣಾಯಿತು. ಒಂದು ಕೈಯಲ್ಲಿ ಡಚೆಸ್, ಇನ್ನೊಂದರಲ್ಲಿ ನನ್ನ ಡಬ್ಬ. ಕಯೋಟಿ ಓಡಲು ಎದ್ದಿತು, ನಿಂತಿತು, ಮೂಗೆತ್ತಿ ಗಾಳಿ ಮೂಸಿತು. ಮೋಸ ತಿಳಿಯಿತೆಂದು ಕಾಣುತ್ತದೆ, ಮತ್ತೆ ಕೂತಿತು. ಡ್ಯಾರಿಲ್ ರೇಗಿ ಡಬ್ಬ ಕುಲುಕಿದ. ಕುಲುಕಿದ ರಭಸಕ್ಕೆ ಮುಚ್ಚಳ ಹಾರಿ, ಮೊಳೆಗಳೆಲ್ಲ ಅವನ ಗ್ಯಾರೇಜಿನ ಮುಂದೆ ಅಕ್ಷತೆಯಂತೆ ಚೆಲ್ಲಿದವು. ಎಲ್ಲ ಹೆಕ್ಕಿದೆವು ಎಂದುಕೊಂಡೆವು. ಸಂಜೆ ಅವನ ಟ್ರಕ್ಕಿನ ಚಕ್ರ ಬೇರೆಯೇ ಹೇಳಿತು.

"ಸಾಕು!" ಎಂದು ಡ್ಯಾರಿಲ್ ರೋಬನ್ನು ನನ್ನ ಕೈಗೆ ತುರುಕಿದ. "ಸಭೆ ಈ ಶನಿವಾರಾನೇ. ಬೋನು ಇಡೋನಿಗೆ ಫೋನ್ ಮಾಡ್ತೀನಿ. ನಿನ್ನ ಮೇಲೆ ಸಿಟ್ಟಿಲ್ಲ ಮಾರಿಬೆಲ್. ಆದರೆ ಒಬ್ಬಳಿಗೆ ಹೆದರಿ ಉಳಿದವರ ಮುಂದೆ ಕಾಲು ಚಾಚೋ ಪ್ರಾಣಿ ಯಾವತ್ತಿದ್ರೂ ಕಚ್ಚುತ್ತೆ."

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಅದೇ ಕಷ್ಟ. ಅದನ್ನು ಉಳಿಸುತ್ತೇನೆಂದು ಹೊರಟ ನಾನೇ ಅದರ ಸಾವಿಗೆ ದಿನ ಗೊತ್ತು ಮಾಡಿಸಿದ್ದೆ.

ಗಾಯಕ್ಕೆ ಉಪ್ಪು ಸವರಲು ಎಫ್ರೈನ್ ಹಿತ್ತಿಲಿಂದ ಕರೆದ. ನಮ್ಮ ಗೊಬ್ಬರದ ಡ್ರಮ್ಮಿನ ಮುಚ್ಚಳ ಸರಿದಿತ್ತು. ಕರಬೂಜದ ಸಿಪ್ಪೆಗಳು ಬೇಲಿಯವರೆಗೆ ಸಾಲಾಗಿ ಬಿದ್ದಿದ್ದವು, ಒಂದೊಂದರಲ್ಲೂ ಹಲ್ಲಿನ ಗುರುತು.

"ಮುಂಬಾಗಿಲಲ್ಲಿ ಬೈಯೋದು, ಹಿಂಬಾಗಿಲಲ್ಲಿ ಬಡಿಸೋದು. ನಮ್ಮಮ್ಮ ನಿನ್ನ ನೋಡ್ಕೊಳ್ಳೋದೂ ಹೀಗೇ ಅಲ್ವಾ?"

ಡ್ರಮ್ಮಿನ ಮುಚ್ಚಳ ಬಿಗಿದು ಮಿಸ್ ಒಡೆಟ್‌ರ ಮನೆಗೆ ನಡೆದೆ. ಡ್ರಮ್ಮು ನಮ್ಮದಾದರೆ ಅಂಜೂರ ಅವರದು. ಮರದ ಕೆಳಗೆ ಹಣ್ಣುಗಳು ಉದುರಿ ಜೇನಿನಂತೆ ಹರಡಿದ್ದವು. ಅದಕ್ಕಿಂತ ಮುಖ್ಯ, ಕಯೋಟಿ ಎಲ್ಲಕ್ಕಿಂತ ನೆಮ್ಮದಿಯಾಗಿ ಕೂರುತ್ತಿದ್ದುದು ಅವರ ಮುಂದೆ. ಅದು ಯಾರ ಮುಂದೆ ನಿರ್ಭಯವಾಗಿದೆಯೋ ಅವರೇ ಅದನ್ನು ಬೆದರಿಸಬೇಕಿತ್ತು.

"ಕಿರುಚೋದು ಕಲಿಸ್ತೀನಿ ಮಿಸ್ ಒಡೆಟ್. ಸುಲಭ. ಹೊಟ್ಟೆಯಿಂದ ಬರ್ಬೇಕು. ಏಯ್!"

ಅವರು ಕಿವಿ ಮುಚ್ಚಿಕೊಂಡರು. ನಂತರ ಗಂಟಲು ಸರಿಮಾಡಿ, ಅಂಜೂರದ ಮರದ ಕಡೆ ತಿರುಗಿ, "ಕ್ಷಮಿಸಿ, ತಾವು ಸ್ವಲ್ಪ..." ಎಂದರು.

"ಕಯೋಟಿಗೆ ತಾವು ಅಂತಾರಾ!"

"ಪರಿಚಯ ಇಲ್ಲದವರಿಗೆ ಮತ್ತೇನಂತಾರೆ?"

ನನ್ನ ಹಿಂದೆಯೇ ಬಂದಿದ್ದ ಪಲೋಮಾ ಗುರುವಾಗಲು ಮುಂದೆ ಬಂದಳು. ಆಟಿಕೆ ಕಿತ್ತುಕೊಂಡರೆ ಕಿರುಚುವ ತನ್ನ ಕೀರಲು ದನಿಯನ್ನು ಧಾರಾಳವಾಗಿ ಪ್ರದರ್ಶಿಸಿದಳು. ಮಿಸ್ ಒಡೆಟ್ ನಕ್ಕರು. ಪ್ರಯತ್ನಿಸಿದರು. ಬಂದದ್ದು ಕೆಟ್ಟ ಹಾರ್ಮೋನಿಯಂನ ಉಸಿರು.

ನಾನು ಸಹನೆಗೆಟ್ಟೆ. "ಶನಿವಾರ ಅದನ್ನ ಕೊಲ್ಲೋದು ತೀರ್ಮಾನ ಆಗುತ್ತೆ ಮಿಸ್ ಒಡೆಟ್! ನಿಮ್ಮನ್ನ ಕಂಡ್ರೆ ಅದಕ್ಕೆ ಹೆದರಿಕೆ ಇಲ್ಲ, ಅದಕ್ಕೇ ಸಾಯುತ್ತೆ!"

ಅವರು ಮೆಟ್ಟಿಲ ಮೇಲೆ ಕೂತರು. ಸ್ವಲ್ಪ ಹೊತ್ತು ಪಲೋಮಾಳ ಕಳಚಿದ ಚಪ್ಪಲಿಯನ್ನು ಜೋಡಿಸುತ್ತಿದ್ದರು.

"ನಾನು ಪುಸ್ತಕದ ಕಪಾಟುಗಳ ನಡುವೆ ನಡೆದು ಬಂದ್ರೆ ಮಕ್ಕಳು ಚದುರಿ ಹೋಗ್ತಿದ್ವು, ಗೊತ್ತಾ? ನಾನು ಅವಕ್ಕೆ ಪುಸ್ತಕ ಕೊಡೋಕೆ ಹೋಗ್ತಿದ್ದೆ. 'ಶ್ ಬಂದ್ಳು, ಶ್ ಬಂದ್ಳು' ಅಂತ ಓಡೋವು. ಒಬ್ಬರೂ ನನ್ನ ಮುಂದೆ ಕಾಲು ಚಾಚಿ ಕೂತಿದ್ದಿಲ್ಲ. ಈಗ ಒಬ್ಬಳು ಬಂದು ಕೂತಿದ್ದಾಳೆ. ಅವಳಿಗೂ ನನ್ನ ಕಂಡ್ರೆ ಭಯ ಆಗ್ಬೇಕು ಅಂತೀಯ."

ದಿನಾ ಮುಂಜಾನೆ ನನ್ನನ್ನು ಕಂಡು ಒಂದು ಜೀವ ಓಡುವಾಗ ನಾನು ಗೆದ್ದೆ ಎಂದು ಬೀಗಿದ್ದೆ. ಹಾಗೆ ಓಡುವವರನ್ನು ನೋಡುತ್ತಲೇ ಒಂದು ಆಯುಷ್ಯ ಕಳೆದವರು ಪಕ್ಕದ ಮನೆಯಲ್ಲಿದ್ದರು. ನನಗದು ತಿಳಿದೇ ಇರಲಿಲ್ಲ.

"ಹಣ್ಣು ಹೆಕ್ಕಿಬಿಡ್ತೀನಿ" ಎಂದರು ಅವರು ಕೊನೆಗೆ. "ಅಷ್ಟು ಮಾಡ್ಬಲ್ಲೆ. ಕಿರುಚೋದು ನನ್ನಿಂದಾಗಲ್ಲ."

ಶನಿವಾರ ಬಂದೇಬಿಟ್ಟಿತು. ಸಭೆ ಸಂಜೆಗೆ. ಬೆಳಿಗ್ಗೆ ಮಿಸ್ ಒಡೆಟ್ ಬುಟ್ಟಿ ಹಿಡಿದು ಅಂಜೂರ ಹೆಕ್ಕುತ್ತಿದ್ದರು. ಪಲೋಮಾ ಅವರ ಸಹಾಯಕಿ, ಅಂದರೆ ಹೆಕ್ಕಿದ್ದರಲ್ಲಿ ಅರ್ಧ ಬುಟ್ಟಿಗೆ, ಅರ್ಧ ಬಾಯಿಗೆ. ಬೇಲಿಯ ಈಚೆ ನಾನು ಪಾಪ ಪರಿಹಾರಕ್ಕೆ ಗೊಬ್ಬರದ ಡ್ರಮ್ಮು ತೊಳೆಯುತ್ತಿದ್ದೆ. ಮಹಾವೀರೆಯ ಚರಿತ್ರೆಯ ಮಹಾಕ್ಷಣ ಬಂದಾಗ ಮಹಾವೀರೆಯ ತಲೆ, ಎರಡು ಕೈ, ಅರ್ಧ ಎದೆ ಡ್ರಮ್ಮಿನೊಳಗಿತ್ತು ಎಂಬುದನ್ನು ಓದುಗರು ದಯವಿಟ್ಟು ಗಮನಿಸಬೇಕು.

ಒಳಗಿದ್ದಂತೆಯೇ ಮಗಳ ದನಿ ಕೇಳಿಸಿತು. ಸ್ಪಷ್ಟವಾದ, ಮುದ್ದಾದ, ಸಭ್ಯವಾದ ದನಿ.

"ಗುಡ್ ಮಾರ್ನಿಂಗ್! ಅಂಜೂರ ಬೇಕಾ?"

ತಲೆ ಹೊರತೆಗೆಯಲು ಹೋದೆ. ಕೂದಲ ಕ್ಲಿಪ್ಪು ಡ್ರಮ್ಮಿನ ಅಂಚಿಗೆ ಸಿಕ್ಕಿಕೊಂಡಿತು. ಜಗ್ಗಿದೆ. ಡ್ರಮ್ಮೂ ನನ್ನ ಜೊತೆ ಎದ್ದಿತು! ಅದರ ಅಂಚಿನ ಸಂದಿಯಿಂದ, ಬೇಲಿಯ ಹಲಗೆಗಳ ನಡುವೆ, ಕಂಡದ್ದಿಷ್ಟು: ಪಲೋಮಾಳ ಚಾಚಿದ ಅಂಗೈ, ಅದರ ಮೇಲೊಂದು ಹಣ್ಣು, ಅದರ ಕಡೆ ನಿಧಾನಕ್ಕೆ ಬರುತ್ತಿದ್ದ ಹರಿದ ಕಿವಿ. ನಾನು ಕೂಗಿದೆ. ಬೇಸಿಗೆಯಿಡೀ ಬೀದಿ ನಡುಗಿಸಿದ ನನ್ನ ದನಿ ಡ್ರಮ್ಮಿನೊಳಗೆ ಸುತ್ತಿ ನನ್ನ ಕಿವಿಗೇ ಬಡಿಯಿತು.

ಆಗ ಇನ್ನೊಂದು ದನಿ ಕೇಳಿಸಿತು.

"ಹೊರಗೆ! ಈಗಲೇ! ಹೊರಗೆ ನಡಿ!"

ಅದು ಗಂಟಲಿಂದ ಬಂದದ್ದಲ್ಲ. ಅಷ್ಟು ವರ್ಷ ಬೆರಳಿನಡಿ ಅದುಮಿಟ್ಟ ಸದ್ದೆಲ್ಲ ಒಟ್ಟಿಗೆ ಕಟ್ಟೆಯೊಡೆದಂತಿತ್ತು. ಎದುರುಮನೆಯಲ್ಲಿ ಡ್ಯಾರಿಲ್‌ನ ಕೈಯಿಂದ ಕಾಫಿ ಬಟ್ಟಲು ಜಾರಿತು. ಡಚೆಸ್ ಟ್ರಕ್ಕಿನಡಿ ನುಸುಳಿತು. ನನ್ನ ತಲೆಯಿಂದ ಡ್ರಮ್ಮು ತಾನಾಗಿ ಕಳಚಿಬಿತ್ತೆಂದರೆ ನೀವು ನಂಬಬೇಕಿಲ್ಲ, ನಾನು ನಂಬಿದ್ದೇನೆ.

ಮಿಸ್ ಒಡೆಟ್ ಬುಟ್ಟಿಯನ್ನು ತಲೆಯ ಮೇಲೆತ್ತಿ ಹಿಡಿದು, ಬೆಟ್ಟದಷ್ಟು ಎತ್ತರ ಕಾಣುತ್ತ, ಕಯೋಟಿಯ ಕಡೆ ಹೆಜ್ಜೆ ಹಾಕುತ್ತಿದ್ದರು. ಅಂಜೂರಗಳು ಅವರ ತಲೆಯಿಂದ ಹೆಗಲಿಗೆ ಉರುಳುತ್ತಿದ್ದವು. ಕಯೋಟಿ ಒಂದು ಗಳಿಗೆ ನಿಂತಿತು. ಕಿವಿ ಹಿಂದಕ್ಕೆ ಮಡಚಿ ಅವರನ್ನೇ ನೋಡಿತು. ನನ್ನನ್ನು ಅದು ಹಾಗೆ ಎಂದೂ ನೋಡಿರಲಿಲ್ಲ. ನನ್ನಿಂದ ಅದು ಬೇರೇನನ್ನೂ ನಿರೀಕ್ಷಿಸಿರಲಿಲ್ಲ. ಮಿಸ್ ಒಡೆಟ್ ನಿಲ್ಲಲಿಲ್ಲ. "ಹೊರಗೆ!" ಕಯೋಟಿ ಹಳ್ಳದ ಕಡೆಯ ಗೋಡೆ ಹಾರಿತು. ಅವರು ಗೋಡೆಯವರೆಗೂ ಹೋಗಿ, ಅದು ಹಳ್ಳ ಸೇರುವವರೆಗೂ ಕೂಗಿದರು. ಶಾಸ್ತ್ರದಲ್ಲಿ ಹೇಳಿದ್ದೂ ಹಾಗೇ.

ನಾನು ಬೇಲಿ ದಾಟಿ ಮಗಳನ್ನು ಅಪ್ಪಿಕೊಂಡೆ. ಅಂಗೈ ತಿರುಗಿಸಿ ನೋಡಿದೆ. ಹಣ್ಣು ಬಿಟ್ಟರೆ ಬೇರೇನೂ ಇಲ್ಲ, ಒಂದು ಗೀರೂ ಇಲ್ಲ. ಪಲೋಮಾ ಕಣ್ಣರಳಿಸಿ ಮಿಸ್ ಒಡೆಟ್‌ರನ್ನು ನೋಡುತ್ತಿದ್ದಳು. "ಇನ್ನೊಂದ್ಸಲ! ಇನ್ನೊಂದ್ಸಲ ಮಾಡಿ!"

ಅವರಿಗೆ ಕೇಳಿಸಿದಂತಿರಲಿಲ್ಲ. ಮೆಟ್ಟಿಲ ಮೇಲೆ ಕುಸಿದು ಕೂತರು.

"ನೋಡಿದ್ಯಾ ಮಾರಿಬೆಲ್? ಹೆದರ್ಕೊಂಡ್ಳು. ನನಗೆ."

"ಇನ್ನು ಬದುಕ್ತಾಳೆ ಮಿಸ್ ಒಡೆಟ್."

"ಗೊತ್ತು ಕಣೇ" ಎಂದರು. "ಗೊತ್ತಿದ್ದೇ ಮಾಡಿದ್ದು. ಒಂದು ಲೋಟ ನೀರು ತಂದ್ಕೊಡು."

ಸಂಜೆಯ ಸಭೆಯಲ್ಲಿ ಡ್ಯಾರಿಲ್ ಎದ್ದು ನಿಂತ. "ಬೋನಿನವನಿಗೆ ಸದ್ಯಕ್ಕೆ ಬೇಡ ಅಂತ ಹೇಳಿದ್ದೀನಿ" ಎಂದ. "ಇನ್ಮೇಲೆ ಎಲ್ಲರೂ ಕಿರುಚಬೇಕು, ಅವರವರ ಬಟ್ಟೇಲೇ. ಹಣ್ಣು, ಬೆಕ್ಕಿನ ಊಟ, ಗೊಬ್ಬರದ ಡ್ರಮ್ಮು, ಯಾವುದೂ ತೆರೆದಿರಬಾರದು." ಕೊನೆಯದನ್ನು ಹೇಳುವಾಗ ನನ್ನ ಕಡೆ ನೋಡಿದ. ನಾನು ಸೂರಿನ ಕಡೆ ನೋಡಿದೆ.

ಹರಿದ ಕಿವಿ ಬೀದಿಗೆ ಬರುವುದು ನಿಂತಿತು. ಆದರೂ ಅಭ್ಯಾಸ ಬಿಡಬೇಕಲ್ಲ! ಗೆದ್ದ ಸೇನಾಪತಿ ಗಡಿ ಕಾಯುವಂತೆ ನಾನು ದಿನಾ ನಸುಕಿನಲ್ಲಿ ರೋಬ್ ತೊಟ್ಟು, ಡಬ್ಬ ಕುಲುಕುತ್ತ, ಬೀದಿಯ ತುದಿಯಲ್ಲಿ ಹಳ್ಳದ ದಂಡೆಯವರೆಗೆ ಹೋಗಿ ಒಂದು ಸುತ್ತು ಗರ್ಜಿಸಿ ಬರುತ್ತಿದ್ದೆ. ಸ್ವಲ್ಪ ಉತ್ಸಾಹ, ಸ್ವಲ್ಪ ಪ್ರಾಯಶ್ಚಿತ್ತ.

ಹೀಗಿರುವಾಗ ಒಂದು ಸಂಜೆ ಮಿಸ್ ಒಡೆಟ್ ಅಂಜೂರದ ಜಾಮ್ ಬಾಟಲಿ ಹಿಡಿದು ಬಾಗಿಲಿಗೆ ಬಂದರು.

"ನಿನ್ನಿಂದ ಒಂದು ಉಪಕಾರ ಆಗ್ಬೇಕಿತ್ತು."

ನಾನು ಉಬ್ಬಿದೆ. "ಹೇಳಿ ಮಿಸ್ ಒಡೆಟ್! ಏನು ಬೇಕಾದ್ರೂ! ನಿಮ್ಮ ಹಿತ್ತಿಲಿಗೂ ಕಾವಲು ಬರ್ಲಾ?"

"ಅಯ್ಯೋ, ಬೇಡ." ಬಾಟಲಿಯನ್ನು ನನ್ನ ಕೈಗಿಟ್ಟರು. "ನಮ್ಮ ಮಹಡಿ ಕಿಟಕಿಯಿಂದ ಹಳ್ಳ ಕಾಣುತ್ತೆ. ಬೆಳಗಾಗ್ತಿದ್ದ ಹಾಗೆ ಅವಳು ಮರಿಗಳನ್ನ ಕರ್ಕೊಂಡು ಬಂದು ಬಂಡೆ ಮೇಲೆ ಕೂರ್ತಾಳೆ. ನಾನು ಗಾಜಿನ ಹಿಂದೆ ಇರ್ತೀನಿ, ಅವಳಿಗೆ ಕಾಣಲ್ಲ. ಹಳ್ಳ ಅವಳ ಮನೆ, ಅಲ್ಲಿದ್ರೆ ತಪ್ಪೇನಿಲ್ಲ ಅಲ್ವಾ? ಆದ್ರೆ ಸರಿಯಾಗಿ ಅದೇ ಹೊತ್ತಿಗೆ..." ಮಾತು ನಿಲ್ಲಿಸಿ, ನನ್ನ ಭುಜದ ಮೇಲೆ ಕೈಯಿಟ್ಟು, ದನಿ ತಗ್ಗಿಸಿದರು. "ಭಾನುವಾರ ಒಂದು ದಿನ ಮಾತ್ರ, ಸ್ವಲ್ಪ ತಡವಾಗಿ ಏಳ್ತೀಯಾ, ಮಗಳೇ?"